ತಲೆದಿಂಬಿನ ಪಕ್ಕದ ಮೋಟಾರು ದೀಪ

ಬೇಸಿಗೆ ರಜೆಯಲ್ಲಿ ಊರಿಗೆ ಹೊರಟ ರಾತ್ರಿ ರೈಲಿನ ನೆನಪು ನಮ್ಮ ಸಂಘದ ಯಾವ ಮನೆಯಲ್ಲಿ ಇಲ್ಲ? ಬುತ್ತಿ ಬಿಚ್ಚಿ ಉಂಡು, ಹಾಸಿಗೆ ಹಾಸಿ, ದೊಡ್ಡ ದೀಪಗಳನ್ನೆಲ್ಲ ಆರಿಸಿದ ಮೇಲೆ ಬೋಗಿಯ ನೆತ್ತಿಯಲ್ಲಿ ಒಂದು ಸಣ್ಣ ನೀಲಿ ದೀಪ ಮಾತ್ರ ಉಳಿಯುತ್ತದೆ. ಮೇಲಿನ ಬರ್ತಿನಲ್ಲಿ ಮಲಗಿದ ಮಗು ಅದನ್ನೇ ನೋಡುತ್ತ ನೋಡುತ್ತ ನಿದ್ದೆಹೋಗುತ್ತದೆ. ಅಲ್ಲಿ ವಾಹನದೊಳಗೆ ದೀಪ. ಪೇಟೆಯಲ್ಲಿ ಈಗ ಕಾಣುವುದು ಇದರ ತಿರುವುಮುರುವು, ದೀಪವೇ ವಾಹನ. ಕೆಂಪು ಬಸ್ಸು, ಹಳದಿ ಟ್ರಕ್ಕು, ಹೊಗೆಕೊಳವೆಯ ರೈಲು ಎಂಜಿನ್ನು, ಮೂತಿ ದುಂಡಗಾದ ಮೋಟಾರು. ಗುಂಡಿ ಒತ್ತಿದರೆ ಕಿಟಕಿಗಳಲ್ಲಿ ಬೆಳಕು ಮೂಡುತ್ತದೆ. ಮಕ್ಕಳ ತಲೆದಿಂಬಿನ ಪಕ್ಕದಲ್ಲಿ ಇಡುವ ಈ ರಾತ್ರಿದೀಪ ಈ ರೂಪಕ್ಕೆ ಬಂದದ್ದು ಹೇಗೆ, ಆ ರೂಪ ಯಾರ ಸೊತ್ತು ಎಂಬ ಎರಡು ಪ್ರಶ್ನೆಗಳ ಹಿಂದೆ ಹೊರಟ ನಮಗೆ ಅದು ಇನ್ನೂರು ವರ್ಷಗಳಿಗೂ ಮಿಕ್ಕಿದ ಕಥೆ ಎಂದು ತಿಳಿಯಿತು. ಕಥೆಯ ಕೊನೆಯ ತುಂಡು ನಮ್ಮ ಚನ್ನಪಟ್ಟಣಕ್ಕೂ ಬಂದು ಮುಟ್ಟುತ್ತದೆ.

ನಮ್ಮಲ್ಲಿ ರಾತ್ರಿಯಿಡೀ ಉರಿಯುವ ದೀಪ ಇರಲಿಲ್ಲವೆಂದಲ್ಲ. ಬಾಣಂತಿ ಕೋಣೆಯ ಮೂಲೆಯಲ್ಲಿ ಒಂದು ಹಣತೆ ಬೆಳಗಿನವರೆಗೂ ಇರುತ್ತಿತ್ತು. ಅಟ್ಟದ ಮೇಲೆ ಗುಮ್ಮ ಇದ್ದಾನೆಂದು ಹೆದರುವ ಮಕ್ಕಳಿಗಾಗಿ ಲಾಟೀನಿನ ಬತ್ತಿಯನ್ನು ಸಣ್ಣಗೆ ಮಾಡಿ ಇಡುತ್ತಿದ್ದರು. ಪಟ್ಟಣಕ್ಕೆ ಬಂದ ಮೇಲೆ ಆ ಸ್ಥಾನ ‘ಜೀರೋ ಬಲ್ಬಿ’ಗೆ ಹೋಯಿತು. ಹೆಸರಿಗೆ ಸೊನ್ನೆ, ಉಣ್ಣುತ್ತಿದ್ದದ್ದು ಮಾತ್ರ 12ರಿಂದ 15 ವ್ಯಾಟು! ಅಷ್ಟು ಸಣ್ಣ ಭಾರಕ್ಕೆ ಹಳೆಯ ಮೀಟರಿನ ಚಕ್ರ ಅಲುಗುತ್ತಿರಲಿಲ್ಲವಾಗಿ ಸೊನ್ನೆ ಎಂಬ ಹೆಸರು ನಿಂತಿತು. ಎಲೆಕ್ಟ್ರಾನಿಕ್ ಮೀಟರುಗಳು ಬಂದ ಮೇಲೆ ಗುಟ್ಟು ಬಯಲಾಯಿತು.

ವಾಹನದ ಆಕಾರದ ದೀಪವೂ ನಮಗೆ ಹೊಸದಲ್ಲ, ‘ವಾಹನ’ ಎಂಬ ಮಾತನ್ನು ಗುಡಿಯ ಅರ್ಥದಲ್ಲಿ ತೆಗೆದುಕೊಂಡರೆ. ಸರಪಳಿಯ ತೂಗುದೀಪದ ಮೇಲೆ ಕುಳಿತ ಹಂಸ, ದೀಪದ ಕಂಬದ ತುದಿಯ ನವಿಲು, ಬೆನ್ನ ಮೇಲೆ ಹಣತೆ ಹೊತ್ತ ಆನೆ ಇವೆಲ್ಲ ದೇವರ ವಾಹನಗಳೇ. ಇವನ್ನು ಎರಕ ಹೊಯ್ದ ಕಂಚುಗಾರರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

ಮಕ್ಕಳ ಕೋಣೆಗೆಂದೇ ಪ್ರತ್ಯೇಕ ದೀಪ ವ್ಯಾಪಾರದ ಸರಕಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಬಡವರು ಮೊದಲು ಜೊಂಡು ಹುಲ್ಲಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಒಣಗಿಸಿ ಉರಿಸುತ್ತಿದ್ದರು. ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ 1775ರ ಪತ್ರವೊಂದರಲ್ಲಿ ಇದರ ಲೆಕ್ಕವನ್ನೇ ಬರೆದಿಟ್ಟಿದ್ದಾನೆ. ಎರಡು ಅಡಿ ನಾಲ್ಕೂವರೆ ಅಂಗುಲ ಉದ್ದದ ಒಂದು ಕಡ್ಡಿ ಗಂಟೆಗೆ ಮೂರೇ ನಿಮಿಷ ಕಡಿಮೆ ಉರಿಯಿತಂತೆ. ಮಲಗುವ ಕೋಣೆಯಲ್ಲಿ ಬೆಂಕಿಯ ಭಯವಿದ್ದುದರಿಂದ ಇಂಥ ದೀಪವನ್ನು ತೂತು ಕೊರೆದ ಎತ್ತರದ ತಗಡಿನ ಡಬ್ಬಿಯೊಳಗೆ ಇಡುತ್ತಿದ್ದರು. ತೂತುಗಳ ಮೂಲಕ ಗೋಡೆಯ ತುಂಬ ಬೆಳಕಿನ ಬೊಟ್ಟುಗಳು ಬೀಳುತ್ತಿದ್ದವು. ಡಿಕನ್ಸನ 1860-61ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಪಿಪ್ ಎಂಬ ತರುಣ ಲಂಡನ್ನಿನ ವಸತಿಗೃಹದಲ್ಲಿ ಒಂದು ರಾತ್ರಿ ಕಳೆಯುವಾಗ, ಗೋಡೆಯ ಮೇಲಿನ ಆ ಬೊಟ್ಟುಗಳೇ ಕಣ್ಣುಗಳಂತೆ ಅವನನ್ನು ದಿಟ್ಟಿಸಿ ನಿದ್ದೆಗೆಡಿಸುತ್ತವೆ. ತೂತು ಕೊರೆದದ್ದು ಗಾಳಿಗಾಗಿ, ಬೆಳಕಿಗಾಗಿ. ಗೋಡೆಯ ಮೇಲೆ ಬಿದ್ದದ್ದು ಚಿತ್ತಾರ. ರಾತ್ರಿದೀಪದಲ್ಲಿ ಉಪಯೋಗವೂ ಅಲಂಕಾರವೂ ಹೀಗೆ ಮೊದಲಿನಿಂದಲೇ ಒಂದಕ್ಕೊಂದು ಹೆಣೆದುಕೊಂಡು ಬಂದಿವೆ. ಮುಂದೆ ನ್ಯಾಯಾಲಯಗಳಿಗೆ ತಲೆನೋವಾದದ್ದೂ ಇದೇ ಹೆಣಿಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಕ್ಲಾರ್ಕನ ಕಂಪನಿ ಗಿಡ್ಡ, ದಪ್ಪ ಮೇಣದ ಬತ್ತಿಗಳನ್ನು ‘ಪಿರಮಿಡ್’ ಎಂಬ ಹೆಸರಿನಿಂದ ಮಾರಿತು. ಅದರ ಜಾಹೀರಾತಿನಲ್ಲಿ ಮಕ್ಕಳ ಭಯಕ್ಕಿಂತ ಕಳ್ಳರ ಭಯವೇ ಮುಂದು. ದೀಪ ಉರಿಯುತ್ತಿದ್ದರೆ ಕನ್ನಗಳ್ಳನಿಗೆ ದಿಗಿಲು ಎಂಬುದು ಅವರ ಘೋಷಣೆ. 1880ರ ದಶಕದಲ್ಲಿ ಇದೇ ಕಂಪನಿಯ ‘ಫೇರಿ’ ದೀಪಗಳು ಬಂದವು. ಬಣ್ಣದ ಗಾಜಿನ ಪುಟ್ಟ ಗುಮ್ಮಟದೊಳಗೆ ಒಂದು ಬತ್ತಿ. ಈ ಬಗೆಯ ದೀಪಗಳಿಗೆ ಪಿಂಗಾಣಿಯಲ್ಲಿ ಗೂಬೆ, ಬೆಕ್ಕು, ನಾಯಿಯ ತಲೆಗಳ ಆಕಾರವೂ ಬಂದಿತು. ಕಣ್ಣಿನ ಜಾಗದಲ್ಲಿ ಬೆಳಕು ಹೊಮ್ಮುತ್ತದೆ. ಮಗುವಿಗೆ ಇದು ಹಿತವೋ ಹೆದರಿಕೆಯೋ ನಾವು ಹೇಳಲಾರೆವು. ಜೆ. ಎಂ. ಬ್ಯಾರಿಯ ‘ಪೀಟರ್ ಪ್ಯಾನ್’ ನಾಟಕ 1904ರಲ್ಲಿ ರಂಗಕ್ಕೆ ಬರುವ ಹೊತ್ತಿಗೆ ಮಕ್ಕಳ ಕೋಣೆಯ ರಾತ್ರಿದೀಪ ಎಂಬುದು ಇಂಗ್ಲಿಷ್ ಮಧ್ಯಮವರ್ಗದ ಮನೆಗಳಲ್ಲಿ ಎಷ್ಟು ಪರಿಚಿತವಾಗಿತ್ತೆಂದರೆ, ಕಥೆಯಲ್ಲಿ ಮೂರು ಮಕ್ಕಳ ಮಂಚಗಳಿಗೆ ಮೂರು ದೀಪಗಳು ಕಾವಲಿರುತ್ತವೆ.

ಪ್ರಾಣಿಯಿಂದ ವಾಹನಕ್ಕೆ ಹಾರಿದ್ದು ವಿದ್ಯುತ್ತು ಬಂದ ಮೇಲೆ, ಅದೂ ಹೆಚ್ಚಾಗಿ ಅಮೆರಿಕದಲ್ಲಿ. ಅಲ್ಲಿ ಪೆನ್ಸಿಲ್ವೇನಿಯಾದ ಜೀನೆಟ್ ಮುಂತಾದ ಕಡೆಯ ಗಾಜಿನ ಕಾರ್ಖಾನೆಗಳು ಮೋಟಾರು, ರೈಲು ಎಂಜಿನ್ನುಗಳ ಆಕಾರದ ಪುಟ್ಟ ಗಾಜಿನ ಡಬ್ಬಿಗಳಲ್ಲಿ ಮಿಠಾಯಿ ತುಂಬಿ ಮಾರಲು ಒದಗಿಸುತ್ತಿದ್ದವು. ಮಿಠಾಯಿ ಮುಗಿದರೂ ಗಾಜಿನ ಮೋಟಾರು ಮಗುವಿನ ಹತ್ತಿರ ಉಳಿಯುತ್ತಿತ್ತು. ಕ್ರಿಸ್‌ಮಸ್ ಗಿಡಕ್ಕೆ ತೂಗುವ ಬಲ್ಬುಗಳನ್ನೇ ಹಣ್ಣು, ಹಕ್ಕಿ, ಮುದುಕರ ಆಕಾರದಲ್ಲಿ ಊದುವ ಕೆಲಸ ಮೊದಲು ಆಸ್ಟ್ರಿಯದಲ್ಲಿ, ಮೊದಲ ಮಹಾಯುದ್ಧದ ನಂತರ ಜಪಾನಿನಲ್ಲಿ ಬೆಳೆಯಿತು. ಜಪಾನಿನ ಹಾಲುಗಾಜಿನ ಬಲ್ಬುಗಳಲ್ಲಿ ಜೆಪ್ಪೆಲಿನ್ ವಿಮಾನವೂ ಒಂದು. ಬೆಳಕು ಆಕಾರದೊಳಗೆ ಹೊಕ್ಕದ್ದು ಹೀಗೆ.

ಅನಂತರ 1934. ಆ ವರ್ಷ ಮೇ 26ರಂದು ತುಕ್ಕುಹಿಡಿಯದ ಉಕ್ಕಿನ ‘ಜೆಫರ್’ ರೈಲು ಡೆನ್ವರಿನಿಂದ ಷಿಕಾಗೊವರೆಗಿನ ಸುಮಾರು 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಓಡಿ ಜನರನ್ನು ಬೆರಗುಗೊಳಿಸಿತು. ಗಾಳಿಯನ್ನು ಸೀಳುವ ನುಣುಪು ಮೈಯ ಕ್ರೈಸ್ಲರ್ ‘ಏರ್‌ಫ್ಲೋ’ ಕಾರೂ ಅದೇ ವರ್ಷದ್ದು. ಅಲ್ಲಿಂದ ಮುಂದೆ ಆ ದೇಶದಲ್ಲಿ ನಿಂತಲ್ಲೇ ನಿಲ್ಲುವ ವಸ್ತುಗಳಿಗೂ ಓಡುವ ವಸ್ತುಗಳ ರೂಪ ಬಂತು. ರೇಮಂಡ್ ಲೋವಿ ಎಂಬ ಹೆಸರಾಂತ ವಿನ್ಯಾಸಕಾರ ಪೆನ್ಸಿಲು ಹೆರೆಯುವ ಯಂತ್ರಕ್ಕೂ ನೀರಹನಿಯ ಆಕಾರ ಕೊಟ್ಟ. ಮೇಜಿಗೆ ತಿರುಪಿನಿಂದ ಬಿಗಿದ ಯಂತ್ರ ಯಾವ ಗಾಳಿಯನ್ನು ಸೀಳಬೇಕಿತ್ತೋ! ನಕ್ಕುಬಿಡುವುದು ಸುಲಭ. ಆದರೆ ಆಕಾರವೇ ಸರಕನ್ನು ಮಾರುತ್ತದೆ ಎಂಬುದನ್ನು ಆರ್ಥಿಕ ಮುಗ್ಗಟ್ಟಿನ ಆ ಕಾಲದ ಕಾರ್ಖಾನೆದಾರರು ಚೆನ್ನಾಗಿ ಕಂಡುಕೊಂಡಿದ್ದರು.

ಮಕ್ಕಳ ದೀಪಕ್ಕೆ ವಾಹನದ ರೂಪ ಒಪ್ಪುವುದಕ್ಕೆ ಬೇರೊಂದು ಕಾರಣವೂ ಇದೆಯೆಂದು ನಮಗೆ ತೋರುತ್ತದೆ. ಆನೆಯ ಹೊಟ್ಟೆಯಿಂದ ಬೆಳಕು ಬರುವುದಕ್ಕೆ ಅರ್ಥವಿಲ್ಲ. ಬಸ್ಸಿನ ಕಿಟಕಿಯಿಂದ, ಎಂಜಿನ್ನಿನ ಹಣೆಯಿಂದ ಬೆಳಕು ಬರುವುದು ಸಹಜ. ಕತ್ತಲಲ್ಲಿ ದೀಪ ಹಚ್ಚಿಕೊಂಡು ಹೋಗುವುದೇ ಅವುಗಳ ಕೆಲಸವಲ್ಲವೆ? ಎರಡನೆಯ ಮಹಾಯುದ್ಧದ ನಂತರ ಅಚ್ಚಿನಲ್ಲಿ ಒತ್ತುವ ಪ್ಲಾಸ್ಟಿಕ್ಕು ಅಗ್ಗವಾದಾಗ, ಬೆಳಕನ್ನು ಸೋಸಿ ಹೊರಬಿಡುವ ಬಣ್ಣದ ಮೈಯನ್ನು ಸಾವಿರಗಟ್ಟಲೆ ತೆಗೆಯುವುದು ಸಾಧ್ಯವಾಯಿತು. ಒಂದೇ ಅಡ್ಡಿ ಎಂದರೆ ಬಿಸಿ. ತಂತಿ ಕಾಯುವ ಬಲ್ಬು ನಾಲ್ಕು ಅಥವಾ ಏಳು ವ್ಯಾಟಿನದಾದರೂ ಅದರ ಬಹುಭಾಗ ಬಿಸಿಯಾಗಿಯೇ ಹೋಗುತ್ತದೆ. ಹಾಗಾಗಿ ಮೈಗೂ ಬಲ್ಬಿಗೂ ನಡುವೆ ಅಂತರ ಬೇಕು, ಗಾಳಿಯಾಡಲು ಕಿಂಡಿ ಬೇಕು. 1993ರಲ್ಲಿ ಜಪಾನಿನ ಷೂಜಿ ನಕಮುರ ಪ್ರಖರವಾದ ನೀಲಿ ಎಲ್‌ಇಡಿಯನ್ನು ತಯಾರಿಸಿದ ಮೇಲೆ ಬಿಳಿ ಎಲ್‌ಇಡಿ ಬಂತು, ಈ ಅಡ್ಡಿಯೂ ಹೋಯಿತು. ನೀಲಿ ಎಲ್‌ಇಡಿಗಾಗಿ ಆತನಿಗೂ ಅಕಸಾಕಿ, ಅಮಾನೊ ಎಂಬಿಬ್ಬರಿಗೂ 2014ರ ನೊಬೆಲ್ ಪಾರಿತೋಷಕ ಬಂತು. ಈಗ ಮಗು ತಬ್ಬಿ ಮಲಗಬಹುದಾದ ಮೆತ್ತನೆಯ ರಬ್ಬರಿನಂಥ ಮೋಟಾರಿನೊಳಗೂ ದೀಪ ಇಡುತ್ತಾರೆ. ಆದರೂ ಒಂದು ಎಚ್ಚರ. ದೀಪ ಆಟಿಕೆಯಂತೆ ಕಂಡಷ್ಟೂ ಮಗುವಿನ ಕೈ ಅದರತ್ತ ಹೋಗುತ್ತದೆ. ಮಕ್ಕಳ ಕೈದೀಪಗಳಿಗೆಂದೇ ಇರುವ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ದೀಪದ ವೋಲ್ಟೇಜು 24ನ್ನು ಮೀರಬಾರದೆನ್ನುವುದು ಇದಕ್ಕಾಗಿಯೇ. ಗೋಡೆಯ 230 ವೋಲ್ಟು ನೇರವಾಗಿ ಒಳಹೊಗುವ ಮೋಟಾರು ದೀಪವನ್ನು ಕೊಳ್ಳದಿರುವುದು ಲೇಸು.

ಇಷ್ಟು ರೂಪದ ಕಥೆ. ಇನ್ನು ರೂಪದ ಒಡೆತನ.

ವಸ್ತುವಿನ ಚೆಲುವು ಅದನ್ನು ಮೊದಲು ಯೋಚಿಸಿದವನದು ಎಂಬ ಮಾತನ್ನು ಬ್ರಿಟನ್ನಿನ ಪಾರ್ಲಿಮೆಂಟು ಒಪ್ಪಿದ್ದು 1787ರಲ್ಲಿ, ಬಟ್ಟೆಯ ಮೇಲಿನ ಅಚ್ಚಿನ ಚಿತ್ತಾರದ ವಿಷಯವಾಗಿ. ಆ ಕಾಯಿದೆಯಲ್ಲಿ ಹೆಸರಿಸಿದ ಕ್ಯಾಲಿಕೊ ಬಟ್ಟೆ ಕಲ್ಲಿಕೋಟೆಯಿಂದ ಹೆಸರು ಪಡೆದದ್ದು. ಮಸ್ಲಿನ್ನಿನ ಹೆಸರೂ ಅದರಲ್ಲಿದೆ. ನಮ್ಮ ಕರಾವಳಿಯಿಂದ ಹೋದ ಚಿತ್ತಾರದ ಬಟ್ಟೆಗಳನ್ನು ನೋಡಿ ಕಲಿತವರು ತಮ್ಮೊಳಗೆ ಒಬ್ಬರನ್ನೊಬ್ಬರು ನಕಲುಮಾಡದಂತೆ ಕಾಯಿದೆ ಮಾಡಿಕೊಂಡರು! ರಕ್ಷಣೆ ಎರಡೇ ತಿಂಗಳು. 1794ರಲ್ಲಿ ಅದು ಮೂರು ತಿಂಗಳಾಯಿತು. 1842ರ ಹೊತ್ತಿಗೆ ಲೋಹ, ಗಾಜು, ಪಿಂಗಾಣಿ ಮುಂತಾದ ಎಲ್ಲ ಬಗೆಯ ಅಲಂಕಾರದ ವಿನ್ಯಾಸಗಳಿಗೂ ಅಲ್ಲಿ ನೋಂದಣಿ ಬಂತು. ಅದೇ ವರ್ಷ ಅಮೆರಿಕವೂ ವಿನ್ಯಾಸಕ್ಕೆ ಪೇಟೆಂಟು ಕೊಡತೊಡಗಿತು. ಮೊದಲನೆಯದನ್ನು ಪಡೆದವನು ನ್ಯೂಯಾರ್ಕಿನ ಅಚ್ಚುಮೊಳೆ ತಯಾರಕ ಜಾರ್ಜ್ ಬ್ರೂಸ್, ಅಕ್ಷರಗಳ ಆಕಾರಕ್ಕಾಗಿ. 1879ರಲ್ಲಿ ಪಂಜು ಹಿಡಿದ ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಶಿಲ್ಪಿ ಬಾರ್ತೋಲ್ಡಿ ಇಂಥ ಪೇಟೆಂಟು ಪಡೆದ. ಅದರ ಸಂಖ್ಯೆ 11,023. ಆ ಪ್ರತಿಮೆ 1886ರಿಂದ 1902ರವರೆಗೆ ನ್ಯೂಯಾರ್ಕ್ ಬಂದರಿನ ಅಧಿಕೃತ ದೀಪಸ್ತಂಭವಾಗಿಯೂ ಕೆಲಸ ಮಾಡಿತು. ಆಕಾರದ ರಾತ್ರಿದೀಪಗಳಲ್ಲಿ ಅದಕ್ಕಿಂತ ದೊಡ್ಡದನ್ನು ನಾವು ಕಾಣೆವು.

ಎರಡು ವಸ್ತುಗಳು ಒಂದೇ ರೂಪದವೋ ಬೇರೆಯೋ ಎಂದು ತೀರ್ಮಾನಿಸುವ ಕಣ್ಣು ಯಾರದು? 1871ರಲ್ಲಿ ಬೆಳ್ಳಿಯ ಚಮಚಗಳ ಹಿಡಿಯ ಕುರಿತ ಗೋರ್ಹಮ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ತಜ್ಞನ ಕಣ್ಣಲ್ಲ, ಅಂಗಡಿಗೆ ಬಂದ ಸಾಮಾನ್ಯ ಗಿರಾಕಿಯ ಕಣ್ಣು ಎಂದಿತು. ಅವನು ಒಂದನ್ನು ಇನ್ನೊಂದೆಂದು ತಿಳಿದು ಕೊಳ್ಳುವಂತಿದ್ದರೆ ಅದು ನಕಲೇ. ಮಕ್ಕಳ ದೀಪದ ಅಂಥ ಪೇಟೆಂಟು ಪತ್ರದಲ್ಲಿ ಹಕ್ಕಿನ ಮಾತು ಒಂದೇ ವಾಕ್ಯ, ಚಿತ್ರದಲ್ಲಿ ತೋರಿಸಿದಂತೆ ಈ ದೀಪದ ಅಲಂಕಾರದ ವಿನ್ಯಾಸ ಎಂದು. ಉಳಿದದ್ದನ್ನೆಲ್ಲ ರೇಖಾಚಿತ್ರಗಳೇ ಹೇಳಬೇಕು. ಬಸ್ಸಿನ ಆಕಾರದ ದೀಪ ಎಂಬ ಕಲ್ಪನೆ ಯಾರೊಬ್ಬರದೂ ಆಗುವುದಿಲ್ಲ. ಈ ಬಾಗಿದ ಮೂತಿ, ಈ ಮೂರು ಕಿಟಕಿ, ಈ ಉಬ್ಬಿದ ಚಕ್ರ, ಈ ಒಟ್ಟು ನೋಟ ಮಾತ್ರ ಅವನದು. ಕೆಲಸಕ್ಕೆ ಅನಿವಾರ್ಯವಾದ ಆಕಾರವಾದರೆ ಅದಕ್ಕೂ ರಕ್ಷಣೆ ಇಲ್ಲ.

ಪೇಟೆಂಟು ಇಲ್ಲದವನು ಕೃತಿಸ್ವಾಮ್ಯ ಕೇಳಬಹುದೆ? ಇಲ್ಲಿ ದೀಪವೇ ಇತಿಹಾಸ ಮಾಡಿತು. ನರ್ತಿಸುವ ಗಂಡು ಹೆಣ್ಣಿನ ಪಿಂಗಾಣಿ ಬೊಂಬೆಗಳನ್ನು ಮಾಡಿ, ಅದಕ್ಕೆ ತಂತಿ, ಹೋಲ್ಡರು ಸೇರಿಸಿ ಮೇಜಿನ ದೀಪವೆಂದು ಮಾರುತ್ತಿದ್ದ ಸಂಸ್ಥೆಯೊಂದು ನಕಲು ಮಾಡಿದವರ ಮೇಲೆ ದಾವೆ ಹೂಡಿತು. ದೀಪವಾಗಿ ಬಳಸಿದ ಮಾತ್ರಕ್ಕೆ ಬೊಂಬೆಯ ಕಲೆ ಅಳಿಯುವುದಿಲ್ಲವೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇದೇ ಮೇಜರ್-ಸ್ಟೈನ್ ತೀರ್ಪು. ಆದರೆ 1978ರಲ್ಲಿ, ಹೊರಾಂಗಣದ ನುಣುಪಾದ ದೀಪಗಳ ಒಟ್ಟು ಆಕಾರಕ್ಕೆ ಕೃತಿಸ್ವಾಮ್ಯ ಕೇಳಿದವರಿಗೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇಲ್ಲವೆಂದಿತು. ಅಲ್ಲಿ ದೀಪದಿಂದ ಬೇರೆಯಾಗಿ ನಿಲ್ಲುವ ಬೊಂಬೆ ಯಾವುದೂ ಇರಲಿಲ್ಲ.

ಹಾಗಾದರೆ ಮೋಟಾರು ದೀಪ? ನಿಜವಾದ ಮೋಟಾರು ಉಪಯೋಗದ ವಸ್ತು, ದೀಪವೂ ಉಪಯೋಗದ ವಸ್ತು. ಇದಕ್ಕೆ ಸಮೀಪದ ಉತ್ತರ 1983ರ ಆಟಿಕೆ ವಿಮಾನದ ಮೊಕದ್ದಮೆಯಲ್ಲಿದೆ. ಮಗುವಿನ ಕಲ್ಪನೆಗೆ ರೆಕ್ಕೆ ಕೊಡುವುದೇ ಆಟಿಕೆ ವಿಮಾನದ ಉಪಯೋಗ, ಆದ್ದರಿಂದ ಅದಕ್ಕೆ ಕೃತಿಸ್ವಾಮ್ಯವಿಲ್ಲ ಎಂದಿತ್ತು ಕೆಳಗಿನ ನ್ಯಾಯಾಲಯ! ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು. ಆಟಿಕೆ ವಿಮಾನ ಜನರನ್ನು ಹೊತ್ತು ಹಾರುವುದಿಲ್ಲ, ಅದು ವಿಮಾನದ ಚಿತ್ರಣ ಮಾತ್ರ. ಗೋಡೆಗೆ ತೂಗುಹಾಕಿದ ವಿಮಾನದ ಚಿತ್ರವನ್ನು ನೋಡಿ ಸಂತೋಷಪಡುತ್ತೇವೆ, ಇದನ್ನು ಆಡಿ ಸಂತೋಷಪಡುತ್ತೇವೆ, ಅಷ್ಟೇ ಭೇದ. ಈ ವಾದದ ಸರಳತೆ ನಮಗೆ ಬಹಳ ಹಿಡಿಸಿತು. 2017ರಲ್ಲಿ ಉಡುಪಿನ ಮೇಲಿನ ಚಿತ್ತಾರದ ಮೊಕದ್ದಮೆ ಬಂದಾಗಲೂ ಸರ್ವೋಚ್ಚ ನ್ಯಾಯಾಲಯ ಆಧರಿಸಿದ್ದು 1954ರ ಆ ದೀಪದ ತೀರ್ಪನ್ನೇ.

ನಮ್ಮ ದೇಶಕ್ಕೆ ಬರೋಣ. ವಿನ್ಯಾಸಗಳ ರಕ್ಷಣೆ ಇಲ್ಲಿ 1872ರಲ್ಲೇ ಕಾಯಿದೆಯೊಳಗೆ ಬಂತು. 1911ರ ಕಾಯಿದೆ ಬಹುಕಾಲ ನಡೆದು, ಅದರ ಜಾಗಕ್ಕೆ 2000ದ ವಿನ್ಯಾಸ ಕಾಯಿದೆ 2001ರ ಮೇ 11ರಿಂದ ಜಾರಿಗೆ ಬಂತು. ಕಣ್ಣಿಗೆ ಮಾತ್ರ ಸಂಬಂಧಿಸಿದ ಆಕಾರ, ಚಿತ್ತಾರ, ಅಲಂಕಾರ, ಬಣ್ಣಗಳ ಜೋಡಣೆಗೆ 10 ವರ್ಷ, ಕೇಳಿಕೊಂಡರೆ ಇನ್ನೂ 5 ವರ್ಷ ರಕ್ಷಣೆ. ಆದರೆ ಎರಡು ಮುಳ್ಳುಗಳಿವೆ. ಅರ್ಜಿ ಹಾಕುವ ಮುನ್ನ ಆ ವಿನ್ಯಾಸ ಎಲ್ಲಿಯಾದರೂ ಬಹಿರಂಗವಾಗಿದ್ದರೆ ನೋಂದಣಿ ಸಲ್ಲದು. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ, ಯಂತ್ರದ ವಿಧಾನದಿಂದ ಐವತ್ತಕ್ಕೂ ಹೆಚ್ಚು ಪ್ರತಿಗಳನ್ನು ತೆಗೆದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ವಿಧಿಯಂತೆ ಅದರ ಕೃತಿಸ್ವಾಮ್ಯವೂ ಹೋಗುತ್ತದೆ. ಈ ವಿಧಿಯನ್ನು 2025ರ ಏಪ್ರಿಲ್‌ನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಬಿಡಿಸಿ ಹೇಳಬೇಕಾಗಿ ಬಂತು. ಆಗ ವಿವಾದದಲ್ಲಿದ್ದದ್ದೂ ಒಂದು ವಾಹನವೇ, ದ್ರವರೂಪದ ಅನಿಲವನ್ನು ಸಾಗಿಸುವ ಟ್ರೈಲರಿನ ಭಾಗಗಳ ನಕ್ಷೆಗಳು.

ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಮುಳ್ಳು ಚುಚ್ಚುವುದಿಲ್ಲ. ಚನ್ನಪಟ್ಟಣದ ಕುಶಲಕರ್ಮಿಯ ಮಾತೇನು? ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಗರಿಯಿಂದ ತೀಡಿದರೆ ಹೊಳಪು. ಲೇತಿನಿಂದ ಬಂದದ್ದೆಲ್ಲ ದುಂಡಗಿರುತ್ತದೆ. ಆದ್ದರಿಂದ ಅಲ್ಲಿನ ರೈಲು ಎಂಜಿನ್ನಿಗೆ ಪೀಪಾಯಿಯಂಥ ಹೊಟ್ಟೆ, ಕಾರಿನ ಚಾಲಕನಿಗೆ ಮೊಟ್ಟೆಯಂಥ ತಲೆ, ಚಕ್ರಕ್ಕೆ ಬಳೆಯಂಥ ಪಟ್ಟೆ. ಅಮೆರಿಕದವರು 1934ರಲ್ಲಿ ಹಠಹಿಡಿದು ತಂದ ನುಣುಪು ದುಂಡಗೆಯನ್ನು ಚನ್ನಪಟ್ಟಣದ ಲೇತು ತನ್ನ ಸ್ವಭಾವದಿಂದಲೇ ಕೊಟ್ಟಿದೆ. ಊರಿನ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಸಿಕ್ಕಿದೆ, ಬೇರೆ ಕಡೆ ಮಾಡಿದ ಗೊಂಬೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅದು ಕಾಯುವುದು ಹೆಸರನ್ನು. ಒಬ್ಬ ಕುಶಲಕರ್ಮಿ ಹೊಸದಾಗಿ ಯೋಚಿಸಿದ ಒಂದು ಬಸ್ಸಿನ ರೂಪವನ್ನು ಬೇರೊಬ್ಬರು ಪ್ಲಾಸ್ಟಿಕ್ಕಿನಲ್ಲಿ ಒತ್ತಿ, ಒಳಗೆ ಎಲ್‌ಇಡಿ ಇಟ್ಟು ಮಾರಿದರೆ ಆ ಸೂಚಕದಿಂದ ಪ್ರಯೋಜನವಿಲ್ಲ. ಹಂಸದೀಪದ ಕಂಚುಗಾರನ ಹೆಸರು ಅಳಿದಂತೆ ಇವನದೂ ಅಳಿಯುತ್ತದೆ. ಅಂದು ನಕಲಿನಿಂದ ಲಾಭ ಮಾಡುವ ಕಾರ್ಖಾನೆ ಇರಲಿಲ್ಲ, ಈಗ ಇದೆ.

ಇದರಲ್ಲಿ ನಮ್ಮಂಥ ಸಂಘಗಳ ಪಾಲೂ ಉಂಟು. ರಾಜ್ಯೋತ್ಸವಕ್ಕೋ ದಸರೆಗೋ ಚನ್ನಪಟ್ಟಣದವರನ್ನು ಕರೆಸಿ ಮಳಿಗೆ ಹಾಕಿಸುತ್ತೇವೆ, ಹೊಸ ಮಾದರಿ ಇದ್ದರೆ ತನ್ನಿರೆಂದು ಪತ್ರ ಬರೆಯುತ್ತೇವೆ. ಅವನು ಪ್ರೀತಿಯಿಂದ ತಂದು ಮೇಜಿನ ಮೇಲಿಟ್ಟ ಕ್ಷಣವೇ ಅದು ಬಹಿರಂಗವಾಯಿತು. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ, ಮುಂಚಿತವಾಗಿ ತಿಳಿಸಿ ಆರು ತಿಂಗಳೊಳಗೆ ಅರ್ಜಿ ಹಾಕುವವರಿಗೆ, ಕಾಯಿದೆಯಲ್ಲಿ ವಿನಾಯಿತಿ ಇದೆ. ಸಂಘದ ಸಭಾಂಗಣ ಅಂಥ ಪ್ರದರ್ಶನವಲ್ಲ. ಆದ್ದರಿಂದ ಮಳಿಗೆಯ ಹೊಣೆ ಹೊತ್ತವರು ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಬಹುದು. ಹೊಸ ಮಾದರಿಯ ಫೋಟೋಗಳನ್ನು ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಓರೆಯಾಗಿ ಹೀಗೆ ಏಳು ನೋಟಗಳಲ್ಲಿ ತೆಗೆಸಿ ಮೊದಲು ಅರ್ಜಿ ಹಾಕಿ. ಅರ್ಜಿಗೆ ದಿನಾಂಕ ಬಿದ್ದ ಮೇಲೆ ಬಸ್ಸನ್ನು ನಮ್ಮ ಊರಿಗೆ ಹೊರಡಿಸಿ.